ದಿನಕ್ಕೊಂದು ಎರರ್, ಕಾರಣ ಒಂದೇ: ಕಂಪ್ಯೂಟರ್‌ನ ರ‍್ಯಾಮ್ ಕೈಕೊಟ್ಟಾಗ

ಬೆಳಿಗ್ಗೆಯಿಂದ ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರ್ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಬ್ರೌಸರ್‌ನಲ್ಲಿ ಒಂದು ಟ್ಯಾಬ್ ಮಾತ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಮರುದಿನ ಏನೂ ಆಗುವುದಿಲ್ಲ. ಅದರ ಮರುದಿನ ಹೊಸ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಲು ಹೋದರೆ ಫೈಲ್ ಹಾಳಾಗಿದೆ ಅನ್ನುತ್ತದೆ. ಅದೇ ಫೈಲನ್ನು ಇನ್ನೊಂದು ಸಲ ತೆರೆದರೆ ಸಲೀಸಾಗಿ ಇನ್‌ಸ್ಟಾಲ್ ಆಗುತ್ತದೆ. ವೈರಸ್ ಇರಬಹುದೆಂದು ಸ್ಕ್ಯಾನ್ ಮಾಡಿ, ಕೊನೆಗೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದರೂ ಕಾಟ ತಪ್ಪುವುದಿಲ್ಲ.

ಇಂಥ ತೊಂದರೆ ಬಂದಾಗ ಎಲ್ಲರೂ ಹೇಳುವುದು ಒಂದೇ ಮಾತು: ಯಾವಾಗ ಕೆಡುತ್ತದೆ, ಯಾಕೆ ಕೆಡುತ್ತದೆ ಅಂತ ಹೇಳುವುದಕ್ಕೇ ಆಗುವುದಿಲ್ಲ. ನಿಜ ಹೇಳಬೇಕೆಂದರೆ, ಹಾಗೆ ಹೇಳಲು ಆಗದಿರುವುದೇ ದೊಡ್ಡ ಸುಳಿವು. ಒಂದು ಸಾಫ್ಟ್‌ವೇರ್ ಕೆಟ್ಟಿದ್ದರೆ ಅದು ಸಾಮಾನ್ಯವಾಗಿ ಅದೇ ಕೆಲಸ ಮಾಡುವಾಗ, ಅದೇ ಜಾಗದಲ್ಲಿ ಎಡವುತ್ತದೆ. ದಿನಕ್ಕೊಂದು ಕಡೆ, ದಿನಕ್ಕೊಂದು ಹೆಸರಿನ ಎರರ್ ಬರುತ್ತಿದ್ದರೆ ತೊಂದರೆ ಇನ್ನೂ ಕೆಳಗಿದೆ, ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಜಾಗದಲ್ಲಿದೆ ಎಂದು ಅನುಮಾನ ಪಡಬೇಕು. ಆ ಜಾಗವೇ ರ‍್ಯಾಮ್.

ಈಗ ಈ ವಿಷಯ ತಿಳಿದಿರಬೇಕಾದ್ದಕ್ಕೆ ಒಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೇ ಕಂಪ್ಯೂಟರ್‌ಗೆ ಇನ್ನೊಂದು ರ‍್ಯಾಮ್ ಸ್ಟಿಕ್ (ಮೆಮೊರಿ ಚಿಪ್‌ಗಳನ್ನು ಕೂರಿಸಿದ ಪುಟ್ಟ ಪಟ್ಟಿ) ಸೇರಿಸಿ, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ಇನ್ನಷ್ಟು ವರ್ಷ ಓಡಿಸೋಣ ಎನ್ನುವುದು ಒಳ್ಳೆಯ ಯೋಚನೆಯೇ. ಆದರೆ ಹೊಸ ಸ್ಟಿಕ್ ಹಾಕಿದ ಮೇಲೇ ಈ ತೊಂದರೆ ಶುರುವಾಗುವುದೂ ಉಂಟು.

## ಇದು ಯಾವ ಮೆಮೊರಿ?

ಮೆಮೊರಿ ಎಂಬ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಫೋಟೋ, ವಿಡಿಯೋ ಉಳಿಸಿಡುವ ಜಾಗಕ್ಕೂ ಮೆಮೊರಿ ಅನ್ನುತ್ತೇವೆ. ಅದು ಸ್ಟೋರೇಜ್, ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಕರೆಂಟ್ ಹೋದರೂ ಅಲ್ಲಿರುವುದು ಉಳಿಯುತ್ತದೆ. ರ‍್ಯಾಮ್ ಬೇರೆ. ಸ್ಟೋರೇಜ್ ಪುಸ್ತಕದ ಕಪಾಟಿನ ಹಾಗಿದ್ದರೆ ರ‍್ಯಾಮ್ ಓದುವ ಮೇಜಿನ ಹಾಗೆ. ಬೇಕಾದ ಪುಸ್ತಕವನ್ನು ಕಪಾಟಿನಿಂದ ತಂದು ಮೇಜಿನ ಮೇಲೆ ಬಿಡಿಸಿಟ್ಟುಕೊಂಡೇ ಕೆಲಸ ಮಾಡಬೇಕು. ನೀವು ಟೈಪ್ ಮಾಡುತ್ತಿರುವ ಪತ್ರ, ತೆರೆದಿರುವ ಟ್ಯಾಬ್‌ಗಳು, ಸ್ವತಃ ವಿಂಡೋಸ್, ಎಲ್ಲವೂ ಆ ಹೊತ್ತಿನಲ್ಲಿ ಇರುವುದು ಈ ಮೇಜಿನ ಮೇಲೆ. ಕರೆಂಟ್ ಹೋದರೆ ಮೇಜು ಖಾಲಿ.

ರ‍್ಯಾಮ್ ತೊಂದರೆ ಎಂದರೂ ಎರಡು ಬಗೆ. ಒಂದು, ಮೇಜು ಸಾಲದಿರುವುದು. ಆಗ ಕಂಪ್ಯೂಟರ್ ನಿಧಾನವಾಗುತ್ತದೆ, ಡಿಸ್ಕ್ ಲೈಟ್ ಬಿಡದೆ ಮಿನುಗುತ್ತದೆ, ಪ್ರೋಗ್ರಾಂಗಳು ಮುಚ್ಚಿಕೊಳ್ಳಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ 95 ಶೇಕಡಾ ದಾಟಿರುತ್ತದೆ. ಯಾವುದೋ ಒಂದು ಪ್ರೋಗ್ರಾಂ ಗಂಟೆಗಂಟೆಗೂ ಜಾಸ್ತಿ ಜಾಸ್ತಿ ಜಾಗ ನುಂಗುತ್ತಾ ಹೋಗುತ್ತಿದ್ದರೆ ಅದು ಮೆಮೊರಿ ಲೀಕ್. ಅದು ಸಾಫ್ಟ್‌ವೇರ್‌ನ ತಪ್ಪು, ಆ ಪ್ರೋಗ್ರಾಂ ಮುಚ್ಚಿದರೆ ಸರಿಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಮೇಜು ಸಾಕಷ್ಟು ದೊಡ್ಡದಿದೆ, ಆದರೆ ಅದರ ಮೇಲೆ ಇಟ್ಟದ್ದು ಇಟ್ಟ ಹಾಗೆ ಇರುವುದಿಲ್ಲ. ಈ ಲೇಖನ ಈ ಎರಡನೆಯದರ ಬಗ್ಗೆ.

## ತೂತಿರುವ ಕೊಡಗಳ ಸಾಲು

ಕಂಪ್ಯೂಟರ್‌ಗೆ ಗೊತ್ತಿರುವುದು 0 ಮತ್ತು 1 ಮಾತ್ರ. ಇಂಥ ಒಂದೊಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದು ಹೆಸರು. ರ‍್ಯಾಮ್‌ನಲ್ಲಿ ಪ್ರತಿ ಬಿಟ್‌ಗೂ ಒಂದು ಪುಟ್ಟ ಕೆಪಾಸಿಟರ್ ಮತ್ತು ಒಂದು ಟ್ರಾನ್ಸಿಸ್ಟರ್ ಇರುತ್ತವೆ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕಿದ್ದು ಇದೇ ಜೋಡಿಗೆ. ಇವತ್ತಿಗೂ ನಮ್ಮ ರ‍್ಯಾಮ್ ನಡೆಯುತ್ತಿರುವುದು ಅದೇ ಉಪಾಯದ ಮೇಲೆ.

ಕೆಪಾಸಿಟರನ್ನು ಒಂದು ಕೊಡ ಅಂದುಕೊಳ್ಳಿ. ಟ್ರಾನ್ಸಿಸ್ಟರ್ ಅದರ ನಲ್ಲಿ. ಕೊಡದಲ್ಲಿ ವಿದ್ಯುತ್ ತುಂಬಿದ್ದರೆ 1, ಖಾಲಿ ಇದ್ದರೆ 0. ತೊಂದರೆ ಏನೆಂದರೆ, ಈ ಕೊಡಗಳಿಗೆಲ್ಲ ಹುಟ್ಟಿನಿಂದಲೇ ಸಣ್ಣ ತೂತಿದೆ. ತುಂಬಿಸಿದ ವಿದ್ಯುತ್ ಸೋರುತ್ತಲೇ ಇರುತ್ತದೆ. ಹಾಗಾಗಿ ಪೂರ್ತಿ ಸೋರಿಹೋಗುವ ಮುಂಚೆ ಒಂದೊಂದು ಕೊಡವನ್ನೂ ನೋಡಿ, ತುಂಬಿರಬೇಕಾದ್ದನ್ನು ಮತ್ತೆ ತುಂಬಿಸಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್‌ನಲ್ಲಿ ಸಾಮಾನ್ಯ ಬಿಸಿಯಲ್ಲಿ ಪ್ರತಿ 64 ಮಿಲಿಸೆಕೆಂಡಿಗೆ ಒಂದು ಸುತ್ತು ಮುಗಿಯಬೇಕು. ಅಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸುತ್ತು. ಬಿಸಿ ಹೆಚ್ಚಾದರೆ ಸೋರಿಕೆಯೂ ಹೆಚ್ಚು, ಆಗ ಸುತ್ತು ಇನ್ನೂ ಬೇಗ ಮುಗಿಯಬೇಕು.

8 ಜಿಬಿ ರ‍್ಯಾಮ್ ಎಂದರೆ ಸುಮಾರು 6,870 ಕೋಟಿ ಇಂಥ ಕೊಡಗಳು. ಅವುಗಳಲ್ಲಿ ಒಂದೇ ಒಂದರ ತೂತು ಸ್ವಲ್ಪ ದೊಡ್ಡದಾದರೂ ಸಾಕು, ರಿಫ್ರೆಶ್ ಬರುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ. 1 ಇದ್ದದ್ದು 0 ಆಗುತ್ತದೆ.

## ಒಂದು ಬಿಟ್ ತಿರುಗಿದರೆ

ಇದನ್ನು ಹತ್ತಿರದಿಂದ ನೋಡೋಣ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಯುನಿಕೋಡ್ ಎಂಬ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ. ಕನ್ನಡದ 'ಗ' ಅಕ್ಷರದ ಸಂಖ್ಯೆ 3223. ಅದರ ಕೊನೆಯ ಎಂಟು ಬಿಟ್‌ಗಳು 10010111. ಇದರಲ್ಲಿ ಬಲಗಡೆಯಿಂದ ಎರಡನೇ ಬಿಟ್ ಸೋರಿಹೋಗಿ 0 ಆಯಿತು ಅಂದುಕೊಳ್ಳಿ. 10010101 ಆಯಿತು, ಅಂದರೆ 3221. ಅದು 'ಕ'. ನೀವು 'ಗುರಿ' ಎಂದು ಬರೆದಿಟ್ಟದ್ದು 'ಕುರಿ' ಆಗಿ ಕೂತಿರುತ್ತದೆ. ಯಾವ ಎರರ್ ಸಂದೇಶವೂ ಬರುವುದಿಲ್ಲ. ಕಂಪ್ಯೂಟರ್ ಮಟ್ಟಿಗೆ ಎರಡೂ ಸರಿಯಾದ ಪದಗಳೇ.

ಅಕ್ಷರದ ಬದಲು ಸಂಖ್ಯೆ ಇದ್ದರೆ? 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಕಾಣಿಸಿದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096 ಮತ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹನ್ನೆರಡನೇ ಘಾತಕ್ಕೆ ಸಿಗುವ ಸಂಖ್ಯೆ ಅದು, ಅಂದರೆ ಹದಿಮೂರನೇ ಬಿಟ್‌ನ ಬೆಲೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಸಿಗಲಿಲ್ಲ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ 0 ಇದ್ದದ್ದು 1 ಆಗಿರಬೇಕು ಎಂಬುದೇ ಉಳಿದ ವಿವರಣೆ.

ಇನ್ನು, ಆ ಬಿಟ್ ಇದ್ದದ್ದು ಅಕ್ಷರದಲ್ಲೂ ಅಲ್ಲ, ಲೆಕ್ಕದಲ್ಲೂ ಅಲ್ಲ, ವಿಂಡೋಸ್ ತನಗಾಗಿ ಬರೆದಿಟ್ಟುಕೊಂಡ ವಿಳಾಸದಲ್ಲಿ ಎಂದುಕೊಳ್ಳಿ. 'ಮುಂದಿನ ಕೆಲಸದ ಸೂಚನೆ ಇಂಥ ಜಾಗದಲ್ಲಿದೆ' ಎಂಬ ಚೀಟಿ ಅದು. ಒಂದು ಬಿಟ್ ತಿರುಗಿದರೆ ವಿಳಾಸವೇ ಬದಲಾಗುತ್ತದೆ. ಪ್ರೊಸೆಸರ್ ಆ ತಪ್ಪು ವಿಳಾಸಕ್ಕೆ ಹೋಗುತ್ತದೆ. ಅಲ್ಲಿ ಏನೂ ಇಲ್ಲ, ಅಥವಾ ಅರ್ಥವಿಲ್ಲದ್ದೇನೋ ಇದೆ. ಮುಂದುವರಿದರೆ ಇನ್ನಷ್ಟು ಹಾಳಾದೀತೆಂದು ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸುತ್ತದೆ. ನಮಗೆ ಕಾಣುವ ನೀಲಿ ಪರದೆ ಅದೇ. ವಿಂಡೋಸ್ 11ರಲ್ಲಿ 2025ರಿಂದ ಇದು ಕಪ್ಪು ಪರದೆಯಾಗಿದೆ, ಕೆಲಸ ಮಾತ್ರ ಹಳೆಯದೇ.

## ಕೆಟ್ಟಿರುವುದು ಒಂದೇ ಜಾಗ, ಬೀಳುವುದು ಮಾತ್ರ ದಿನಕ್ಕೊಂದು ಕಡೆ

ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇದು. ಕೊಡ ತೂತಾಗಿರುವುದು ಒಂದು ನಿಗದಿಯಾದ ಜಾಗದಲ್ಲಿ. ಆದರೆ ಆ ಜಾಗದಲ್ಲಿ ಏನು ಇಡಬೇಕೆಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ. ಅದು ಖಾಲಿ ಇರುವ ಕಡೆ ಇಡುತ್ತಾ ಹೋಗುತ್ತದೆ, ಹಾಗಾಗಿ ಪ್ರತಿ ಸಲವೂ ಬೇರೆ ಏನೋ ಬಂದು ಕೂರುತ್ತದೆ. ಇವತ್ತು ಅಲ್ಲಿ ವಿಡಿಯೋದ ಒಂದು ಚುಕ್ಕಿ ಇತ್ತು. ಅದರ ಬಣ್ಣ ಸ್ವಲ್ಪ ಬದಲಾಯಿತು, ಯಾರ ಕಣ್ಣಿಗೂ ಬೀಳಲಿಲ್ಲ. ನಾಳೆ ಬ್ರೌಸರ್‌ನ ಕೋಡ್ ಇರುತ್ತದೆ, ಟ್ಯಾಬ್ ಸಾಯುತ್ತದೆ. ನಾಳಿದ್ದು ನೆಟ್‌ವರ್ಕ್ ಡ್ರೈವರ್, ಅಂದರೆ ನೆಟ್‌ವರ್ಕ್ ಭಾಗವನ್ನು ನಡೆಸುವ ಪ್ರೋಗ್ರಾಂ, ಬಂದು ಕೂರುತ್ತದೆ, ನೀಲಿ ಪರದೆ ಬರುತ್ತದೆ. ಅದರ ಮೇಲೆ ನೆಟ್‌ವರ್ಕ್ ಡ್ರೈವರ್‌ನ ಹೆಸರು ನೋಡಿ ನಾವು ಡ್ರೈವರ್ ಬದಲಾಯಿಸಲು ಹೊರಡುತ್ತೇವೆ. ಡ್ರೈವರ್‌ದು ತಪ್ಪೇನೂ ಇರಲಿಲ್ಲ, ಅದು ಮುರಿದ ಕುರ್ಚಿಯಲ್ಲಿ ಕೂತದ್ದಷ್ಟೇ.

ಕಂಪ್ಯೂಟರ್‌ನಲ್ಲಿ ಕೆಲಸ ಕಡಿಮೆ ಇದ್ದಾಗ ರ‍್ಯಾಮ್‌ನ ಬಹುಭಾಗ ಮುಖ್ಯವಾದದ್ದೇನೂ ಇಲ್ಲದೆ ಇರುತ್ತದೆ, ಕೆಟ್ಟ ಜಾಗ ತಲೆಹಾಕುವುದೇ ಇಲ್ಲ. ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ, ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ರ‍್ಯಾಮ್ ತುಂಬುತ್ತದೆ, ಕೆಟ್ಟ ಜಾಗವೂ ಬಳಕೆಗೆ ಬರುತ್ತದೆ. ಸುಮ್ನೆ ಆನ್ ಮಾಡಿಟ್ಟಾಗ ಸರಿಯಿರುತ್ತದೆ, ಕೆಲಸ ಶುರುಮಾಡಿದರೆ ಬೀಳುತ್ತದೆ ಎಂಬ ದೂರು ಇಲ್ಲಿಂದಲೇ ಬರುವುದು.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ ಅವರಿಗೇ 2022ರ ಅಕ್ಟೋಬರ್‌ನಲ್ಲಿ ಇದು ಎದುರಾಯಿತು. ಅವರ ಮುಖ್ಯ ಡೆಸ್ಕ್‌ಟಾಪ್‌ನಲ್ಲಿ ಕರ್ನಲ್ ಕಂಪೈಲ್ ಮಾಡುವಾಗ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವಾಗ) ಆ ಕೆಲಸ ಮಾಡುವ ಕಂಪೈಲರ್ ಎಲ್ಲೆಂದರಲ್ಲಿ ನಿಲ್ಲತೊಡಗಿತು. ಹೊಸ ಕರ್ನಲ್‌ನಲ್ಲೇ ದೋಷ ಇದೆಯೇನೋ ಎಂಬ ಅನುಮಾನ ಸಹಜವಾಗಿತ್ತು. ಅವರು ಹಳೇ ಕರ್ನಲ್ ಹಾಕಿ ನೋಡಿದರು, ಆಮೇಲೆ ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದರು. ಎರಡೂವರೆ ವರ್ಷ ಸರಿಯಾಗಿ ನಡೆದಿದ್ದ ಒಂದು ರ‍್ಯಾಮ್ ಸ್ಟಿಕ್ ಕೆಟ್ಟಿತ್ತು. ಅವರು ಹಿಡಿದ ಆ ಎರಡು ಹೆಜ್ಜೆಯ ದಾರಿ ನಮಗೂ ಸಾಕು.

## ಯಾಕೆ ಕೆಡುತ್ತದೆ?

ಬಾಹ್ಯಾಕಾಶದಿಂದ ಬರುವ ಕಣಗಳು ತಾಗಿ ಬಿಟ್ ತಿರುಗುತ್ತದೆ ಎಂದು ನೀವು ಕೇಳಿರಬಹುದು. ಅದು ಸುಳ್ಳಲ್ಲ. ಆದರೆ ಹಾಗೆ ತಿರುಗಿದ ಬಿಟ್ ಒಂದು ಸಲದ ಘಟನೆ, ಕೊಡಕ್ಕೆ ಏಟೇನೂ ಆಗಿರುವುದಿಲ್ಲ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ವರ್ಷಕ್ಕೆ ಶೇಕಡಾ 8ಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ಒಂದಾದರೂ ತಪ್ಪು ಕಂಡಿತ್ತು. ತಪ್ಪು ಕಂಡ ಸ್ಟಿಕ್‌ನಲ್ಲೇ ಮತ್ತೆ ಮತ್ತೆ ಕಾಣುತ್ತಿತ್ತು. ದೂರದ ಕಣಗಳಿಗಿಂತ ಸ್ಟಿಕ್‌ನ ಒಳಗಿನ ದೋಷವೇ ಮುಖ್ಯ ಎಂಬುದಕ್ಕೆ ಅದು ಗುರುತು. ವಾರಕ್ಕೆ ಎರಡು ಸಲ ಬೀಳುವ ಕಂಪ್ಯೂಟರ್‌ಗೆ ಆಕಾಶದ ಕಡೆ ನೋಡುವುದು ಬೇಡ.

ಚಿಪ್ ಕೆಡುವುದೊಂದೇ ಕಾರಣವೂ ಅಲ್ಲ. ಸ್ಟಿಕ್ ಸ್ಲಾಟ್‌ನಲ್ಲಿ ಪೂರ್ತಿ ಕೂತಿಲ್ಲದಿರಬಹುದು. ಅದರ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಧೂಳು, ಬೆರಳ ಜಿಡ್ಡು ಕೂತಿರಬಹುದು. ಬೇರೆ ಬೇರೆ ಸ್ಟಿಕ್‌ಗಳನ್ನು ಜೊತೆಗೆ ಹಾಕಿದಾಗ ಒಂದಕ್ಕೊಂದು ಹೊಂದದಿರಬಹುದು. ಇನ್ನೊಂದು ಕಾರಣ ಬಹಳ ಸಲ ಕಣ್ತಪ್ಪುತ್ತದೆ: ವೇಗದ ಸೆಟ್ಟಿಂಗ್.

ಜೆಡೆಕ್ ಎಂಬ ಸಂಸ್ಥೆ ರ‍್ಯಾಮ್‌ಗೆ ಮಾನದಂಡ ಗೊತ್ತುಮಾಡುತ್ತದೆ. ಡಿಡಿಆರ್4ಗೆ ಆ ಮಾನದಂಡದ ವೋಲ್ಟೇಜ್ 1.2, ವೇಗ 3200ರವರೆಗೆ. ಅದಕ್ಕಿಂತ ವೇಗ ಎಂದು ಡಬ್ಬದ ಮೇಲೆ ಬರೆದಿದ್ದರೆ, ಅದು ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ (ಡಿಡಿಆರ್5ನ ಕೆಲವು ಸ್ಟಿಕ್‌ಗಳಲ್ಲಿ ಎಕ್ಸ್‌ಪೋ) ಆನ್ ಮಾಡಿದರೆ ಸಿಗುವ ವೇಗ. ಆಗ ವೋಲ್ಟೇಜ್ ಹೆಚ್ಚಾಗಿ 1.35ಕ್ಕೆ ಏರುತ್ತದೆ. ಅಂದರೆ ಅದು ಒಂದು ಬಗೆಯ ಓವರ್‌ಕ್ಲಾಕಿಂಗ್, ಮಾನದಂಡಕ್ಕಿಂತ ಜೋರಾಗಿ ಓಡಿಸುವುದು. ಸ್ಟಿಕ್ ಅದನ್ನು ತಾಳಿಕೊಂಡರೂ ಪ್ರೊಸೆಸರ್ ಒಳಗಿದ್ದು ರ‍್ಯಾಮ್‌ಗೆ ಬರೆಯುವ, ಓದುವ ಭಾಗವಾದ ಮೆಮೊರಿ ಕಂಟ್ರೋಲರ್ ತಾಳಿಕೊಳ್ಳದಿರಬಹುದು.

## ರ‍್ಯಾಮೇ ಎಂದು ಹೇಗೆ ಹೇಳುವುದು?

ನೀಲಿ ಪರದೆಯ ಕೆಳಗೆ ಸ್ಟಾಪ್ ಕೋಡ್ ಎಂಬ ಸಾಲು ಇರುತ್ತದೆ. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದಿಡಿ. ನಾಲ್ಕೈದು ಸಲ ಆದ ಮೇಲೆ ಫೋಟೋಗಳನ್ನು ಜೊತೆಗಿಟ್ಟು ನೋಡಿ. ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಪಿಎಫ್‌ಎನ್ ಲಿಸ್ಟ್ ಕರಪ್ಟ್. ಇವು ಬೆರಕೆಯಾಗಿ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಜಾಸ್ತಿ. ಇವುಗಳಲ್ಲಿ ಯಾವುದೇ ಒಂದು ಬಂದರೆ ರ‍್ಯಾಮ್ ಕೆಟ್ಟಿದೆ ಎಂದೇನೂ ಅಲ್ಲ, ಕೆಟ್ಟ ಡ್ರೈವರ್ ಕೂಡ ಇದೇ ಕೋಡ್ ತರಿಸಬಲ್ಲದು. ಆದರೆ ಡ್ರೈವರ್ ಆದರೆ ಸಾಮಾನ್ಯವಾಗಿ ಅದೇ ಕೋಡ್, ಅದೇ ಹೆಸರು ಮರುಕಳಿಸುತ್ತದೆ.

ಪರದೆಯೇ ಬರದೆ ಸ್ವಿಚ್ ಆರಿಸಿದ ಹಾಗೆ ಟಕ್ಕನೆ ಆಫ್ ಆಗುತ್ತಿದ್ದರೆ ಮೊದಲು ಪವರ್ ಸಪ್ಲೈ ಕಡೆ ನೋಡಬೇಕು. ಫ್ಯಾನ್ ಜೋರಾಗಿ ತಿರುಗಿ ಆಮೇಲೆ ಆಫ್ ಆದರೆ ಬಿಸಿ. ಫೈಲ್ ತೆರೆಯುವಾಗ ಒಂದು ನಿಮಿಷ ಹೆಪ್ಪುಗಟ್ಟಿದ ಹಾಗೆ ನಿಂತರೆ ಡಿಸ್ಕ್. ಎರರ್‌ನ ಮಾತನ್ನೇ ನಂಬಿ ಹೋಗುವುದೂ ಅಪಾಯ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ದೋಷ ಕಂಡುಬಂದಾಗ ಹಲವು ಗೇಮ್‌ಗಳು ವಿಡಿಯೋ ಮೆಮೊರಿ ಸಾಲದು ಎಂದು ಹೇಳಿ ಮುಚ್ಚಿಕೊಳ್ಳುತ್ತಿದ್ದವು. ಮೆಮೊರಿ ಬೇಕಾದಷ್ಟಿತ್ತು, ಕೆಟ್ಟಿದ್ದು ಪ್ರೊಸೆಸರ್. ಇಂಟೆಲ್ 2024ರಲ್ಲಿ ಅದನ್ನು ಒಪ್ಪಿಕೊಂಡು ಮೈಕ್ರೋಕೋಡ್, ಅಂದರೆ ಪ್ರೊಸೆಸರ್‌ನ ಒಳಗಿನ ಸೂಚನೆಗಳನ್ನು, ಬದಲಾಯಿಸಿತು.

## ರಿಪೇರಿಗೆ ಮುಂಚೆ ಫೈಲ್‌ಗಳು

ಕ್ರ್ಯಾಶ್ ಆದರೆ ಕಣ್ಣಿಗೆ ಕಾಣುತ್ತದೆ. ನನಗೆ ಹೆಚ್ಚು ಹೆದರಿಕೆ ಇರುವುದು ಕ್ರ್ಯಾಶ್ ಆಗದ ಸಲಗಳ ಬಗ್ಗೆ. ಫೈಲ್ ಕಾಪಿ ಮಾಡುವಾಗ ಅದು ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ಅಲ್ಲಿ ಬಿಟ್ ತಿರುಗಿದರೆ, ತಿರುಗಿದ್ದೇ ಡಿಸ್ಕ್‌ನಲ್ಲಿ ಬರೆದುಕೊಳ್ಳುತ್ತದೆ. ಒಂದು ಸಲ ನನ್ನ ಹಳೇ ಡೆಸ್ಕ್‌ಟಾಪ್‌ನಿಂದ ಫೋಟೋಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಿದ್ದೆ. ಕಾಪಿ ಸಲೀಸಾಗಿ ಮುಗಿದಿತ್ತು. ತಿಂಗಳುಗಳ ಮೇಲೆ ತೆರೆದರೆ ಕೆಲವು ಫೋಟೋಗಳಲ್ಲಿ ಮೇಲರ್ಧ ಮುಖಗಳು ಸರಿಯಾಗಿದ್ದವು, ಕೆಳಗರ್ಧ ಬರೀ ಬೂದು ಪಟ್ಟಿ. ಮೂಲ ಫೋಟೋಗಳನ್ನು ಅಷ್ಟರಲ್ಲಿ ಅಳಿಸಿಬಿಟ್ಟಿದ್ದೆ. ಆ ಚಿತ್ರಗಳು ಮತ್ತೆ ಸಿಗಲಿಲ್ಲ.

ಹಾಗಾಗಿ ಅನುಮಾನ ಬಂದ ದಿನವೇ ಆ ಕಂಪ್ಯೂಟರ್‌ನಲ್ಲಿ ಮುಖ್ಯ ಕೆಲಸ ನಿಲ್ಲಿಸಿ. ಬ್ಯಾಕಪ್ ತೆಗೆಯಲೇಬೇಕು, ಆದರೆ ಹಳೇ ಬ್ಯಾಕಪ್ ಮೇಲೆ ಬರೆಯಬೇಡಿ, ಬೇರೆ ಜಾಗಕ್ಕೆ ತೆಗೆಯಿರಿ. ಆಗುವುದಾದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಕಾಪಿ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ವಿಂಡೋಸ್ ಹೊಸದಾಗಿ ಹಾಕುವುದು, ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಅಪ್‌ಡೇಟ್ ಮಾಡುವುದು ಇವೆಲ್ಲ ಈಗ ಬೇಡ. ಬಯಾಸ್ ಬರೆಯುವಾಗ ನಡುವೆ ಕ್ರ್ಯಾಶ್ ಆದರೆ ಮದರ್‌ಬೋರ್ಡೇ ಏಳದೆ ಹೋಗಬಹುದು.

## ಏನೂ ಬಿಚ್ಚದೆ ಮಾಡಬಹುದಾದದ್ದು

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಶುರುವಾಗುವ ಮುಂಚೆ ಏನು ಬದಲಾಯಿಸಿದ್ದೆ? ಹೊಸ ಸ್ಟಿಕ್ ಹಾಕಿದ್ದರೆ ಅದನ್ನು ತೆಗೆದು ಒಂದೆರಡು ದಿನ ಓಡಿಸಿ ನೋಡಿ. ಅರ್ಧ ಪತ್ತೇದಾರಿಕೆ ಅಲ್ಲಿಗೇ ಮುಗಿಯುತ್ತದೆ, ಅಲ್ವಾ?

ಏನೂ ಬದಲಾಯಿಸಿಲ್ಲ ಎಂದಾದರೆ ಬಯಾಸ್‌ಗೆ ಹೋಗಿ. ಕಂಪ್ಯೂಟರ್ ಆನ್ ಆಗುತ್ತಿದ್ದ ಹಾಗೆ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ಹೆಚ್ಚಿನ ಯಂತ್ರಗಳಲ್ಲಿ ತೆರೆಯುತ್ತದೆ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಇದ್ದರೆ ಆಫ್ ಮಾಡಿ, ಇಲ್ಲವೇ ಎಲ್ಲ ಸೆಟ್ಟಿಂಗನ್ನೂ ಡೀಫಾಲ್ಟ್‌ಗೆ ತನ್ನಿ. ವೇಗ ಸ್ವಲ್ಪ ಇಳಿಯುತ್ತದೆ, ದಿನನಿತ್ಯದ ಕೆಲಸದಲ್ಲಿ ಗೊತ್ತಾಗುವುದು ಕಷ್ಟ. ಇದರಿಂದ ಕ್ರ್ಯಾಶ್ ನಿಂತರೆ ಸ್ಟಿಕ್ ಕೆಟ್ಟಿಲ್ಲದಿರಬಹುದು, ಆ ವೇಗ ನಿಮ್ಮ ಯಂತ್ರಕ್ಕೆ ಹೊಂದುತ್ತಿಲ್ಲ.

## ತೆಗೆದು ಮತ್ತೆ ಕೂರಿಸುವುದು

ಈ ಒಂದು ಕೆಲಸದಿಂದಲೇ ಎಷ್ಟೋ ಕಂಪ್ಯೂಟರ್‌ಗಳು ಸರಿಹೋಗುತ್ತವೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತುಹಾಕಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಸಂಪರ್ಕವನ್ನೂ ತೆಗೆಯಬೇಕು. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗುತ್ತದೆ. ನಮಗೆ ಗೊತ್ತೂ ಆಗದಷ್ಟು ಸಣ್ಣ ಕಿಡಿಯೂ ಚಿಪ್‌ಗೆ ಸಾಕು.

ಸ್ಲಾಟ್‌ನ ತುದಿಯ ಕ್ಲಿಪ್ ಹೊರಗೆ ತಳ್ಳಿದರೆ ಸ್ಟಿಕ್ ಸ್ವಲ್ಪ ಮೇಲೇಳುತ್ತದೆ. ಅಂಚು ಹಿಡಿದೇ ಎತ್ತಿ, ಚಿನ್ನದ ಬಣ್ಣದ ಪಟ್ಟಿಗಳನ್ನು ಮುಟ್ಟಬೇಡಿ. ಪೆನ್ಸಿಲ್ ರಬ್ಬರಿನಿಂದ ಪಟ್ಟಿ ಉಜ್ಜುವ ರೂಢಿ ಎಲ್ಲೆಡೆ ಇದೆ. ನಾನು ಅದನ್ನು ಮೊದಲ ಆಯ್ಕೆ ಮಾಡುವುದಿಲ್ಲ. ಮೇಲಿನ ಚಿನ್ನದ ಲೇಪ ಬಹಳ ತೆಳು, ರಬ್ಬರ್ ಅದನ್ನು ಸವೆಸುತ್ತದೆ, ಅದರ ಪುಡಿ ಸ್ಲಾಟ್‌ಗೆ ಬಿದ್ದರೆ ಇನ್ನೊಂದು ತೊಂದರೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ ಒರೆಸಿ, ಪೂರ್ತಿ ಆರಲು ಬಿಡಿ.

ಕೂರಿಸುವಾಗ ಸ್ಟಿಕ್‌ನ ಕೆಳಗಿರುವ ಕಚ್ಚು ಸ್ಲಾಟ್‌ನ ದಿಬ್ಬಕ್ಕೆ ಸರಿಯಾಗಿ ಬರಬೇಕು. ಅದು ನಟ್ಟನಡುವೆ ಇರುವುದಿಲ್ಲ, ಹಾಗಾಗಿ ತಿರುಗುಮುರುಗಾಗಿ ಕೂರುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಎರಡು ತುದಿಗೂ ಹೆಬ್ಬೆರಳಿಟ್ಟು ಸಮನಾಗಿ ಒತ್ತಿ. ಮುರಿದೀತು ಎಂದು ಹೆದರಿ ಅರ್ಧಕ್ಕೆ ಬಿಡುವವರೇ ಜಾಸ್ತಿ. ಕ್ಲಿಪ್ ಟಕ್ ಎಂದು ತಾನಾಗಿ ಮುಚ್ಚಿಕೊಳ್ಳುವವರೆಗೆ ಒತ್ತಬೇಕು. ಒಂದು ಬದಿ ಮಾತ್ರ ಕ್ಲಿಪ್ ಇರುವ ಬೋರ್ಡ್‌ಗಳಲ್ಲಿ ಇನ್ನೊಂದು ಬದಿ ಮೇಲೆಯೇ ಉಳಿದುಬಿಡುವ ಸಂಭವ ಹೆಚ್ಚು. ಬದಿಯಿಂದ ಬಗ್ಗಿ ನೋಡಿ, ಸ್ಟಿಕ್‌ನ ಅಂಚು ಸ್ಲಾಟ್‌ಗೆ ನೇರ ಗೆರೆಯಾಗಿ ಕಾಣಬೇಕು.

ಡಿಡಿಆರ್5 ಇರುವ ಯಂತ್ರಗಳಲ್ಲಿ ಇದಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ಹೊಸದಾಗಿ ರ‍್ಯಾಮ್‌ನ ಅಳತೆ ತೆಗೆದುಕೊಳ್ಳುವ ಹೊತ್ತು. ಗಾಬರಿಯಾಗಿ ಪ್ಲಗ್ ಕೀಳಬೇಡಿ.

## ರಾತ್ರಿಯಿಡೀ ಪರೀಕ್ಷೆ

ವಿಂಡೋಸ್‌ನಲ್ಲೇ ಒಂದು ಪರೀಕ್ಷೆ ಇದೆ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂದು ಹುಡುಕಿ ತೆರೆದರೆ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಪರೀಕ್ಷೆ ಶುರುವಾಗುತ್ತದೆ. ನಡುವೆ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆಯ್ಕೆ ಮಾಡಿಕೊಳ್ಳಿ. ಫಲಿತಾಂಶ ಕಾಣದೆ ಹೋದರೆ ಈವೆಂಟ್ ವ್ಯೂವರ್‌ನ ಸಿಸ್ಟಂ ವಿಭಾಗದಲ್ಲಿ ಮೆಮೊರಿ ಡಯಾಗ್ನೋಸ್ಟಿಕ್ಸ್ ರಿಸಲ್ಟ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇದು ತಪ್ಪು ತೋರಿಸಿದರೆ ನಂಬಿ. ತಪ್ಪಿಲ್ಲ ಎಂದರೆ ಪೂರ್ತಿ ನಂಬಬೇಡಿ, ಸಣ್ಣ ದೋಷಗಳು ಇದರ ಕಣ್ಣು ತಪ್ಪಿಸುವುದುಂಟು.

ಹೆಚ್ಚು ಕಟ್ಟುನಿಟ್ಟಾದ ಪರೀಕ್ಷೆ ಎಂದರೆ ಮೆಮ್‌ಟೆಸ್ಟ್86 ಮತ್ತು ಮೆಮ್‌ಟೆಸ್ಟ್86 ಪ್ಲಸ್. ಒಂದೇ ಬೇರಿನಿಂದ ಬಂದ ಎರಡು ಕವಲುಗಳು ಇವು. ಎರಡೂ ಉಚಿತವಾಗಿ ಸಿಗುತ್ತವೆ. ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದರಿಂದಲೇ ಬೂಟ್ ಮಾಡಬೇಕು, ಅಂದರೆ ವಿಂಡೋಸ್ ಬದಲು ಅದರಿಂದ ಕಂಪ್ಯೂಟರ್ ಶುರುಮಾಡಬೇಕು. ವಿಂಡೋಸ್ ಓಡುತ್ತಿರುವಾಗ ಅದು ಕೂತ ಜಾಗವನ್ನು ಪರೀಕ್ಷಿಸಲು ಆಗುವುದಿಲ್ಲ. ಮೇಜು ಒರೆಸಬೇಕಾದರೆ ಅದರ ಮೇಲಿನದ್ದನ್ನು ಎತ್ತಲೇಬೇಕು. ಇದಕ್ಕಾಗಿ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡಬೇಕಾಗಿ ಬಂದರೆ, ಮುಂಚೆಯೇ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆಮೇಲೆ ವಿಂಡೋಸ್ ಅದನ್ನು ಕೇಳಬಹುದು.

ಪರೀಕ್ಷೆ ಮಾಡುವುದು ಸರಳ ಕೆಲಸ. ಎಲ್ಲ ಕೊಡಕ್ಕೂ ಗೊತ್ತಿರುವ ಮಾದರಿಯಲ್ಲಿ 0, 1 ತುಂಬುತ್ತದೆ, ಮತ್ತೆ ಓದುತ್ತದೆ, ಹೋಲಿಸುತ್ತದೆ. ಆಮೇಲೆ ಮಾದರಿ ಬದಲಾಯಿಸುತ್ತದೆ. ಕೆಲವು ಕೊಡಗಳು ಅಕ್ಕಪಕ್ಕದವು ಒಂದು ರೀತಿಯಲ್ಲಿ ತುಂಬಿದ್ದಾಗ ಮಾತ್ರ ಸೋರುತ್ತವೆ, ಹಾಗಾಗಿ ಹಲವು ಮಾದರಿ ಬೇಕು. ಬಿಸಿಯಾದ ಮೇಲೆ ಮಾತ್ರ ಸೋರುವವೂ ಇವೆ, ಹಾಗಾಗಿ ಹೊತ್ತೂ ಬೇಕು. ಒಂದು ಸುತ್ತು ಮುಗಿದು ಸೊನ್ನೆ ಎರರ್ ಕಂಡ ಕೂಡಲೇ ನಿಲ್ಲಿಸಬೇಡಿ. ನಾಲ್ಕು ಸುತ್ತಾದರೂ ಮುಗಿಯಲಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು.

ಒಂದೇ ಒಂದು ಎರರ್ ಬಂದರೂ ಅದು ಕೆಟ್ಟಿದೆ ಎಂದೇ ಲೆಕ್ಕ. ಕೋಟಿಗಟ್ಟಲೆ ಕೊಡಗಳಲ್ಲಿ ಒಂದು ತಾನೇ ಎಂದು ಬಿಡಬೇಡಿ. ಗುರಿಯನ್ನು ಕುರಿ ಮಾಡಲು ಒಂದೇ ಸಾಕಾಗಿತ್ತು.

## ಯಾವ ಸ್ಟಿಕ್, ಯಾವ ಸ್ಲಾಟ್?

ಎರರ್ ಬಂತು ಎಂದ ಕೂಡಲೇ ಹೊಸ ರ‍್ಯಾಮ್ ಕೊಳ್ಳಲು ಓಡಬೇಡಿ. ಪರೀಕ್ಷೆ ಹೇಳಿದ್ದು ಓದಿದ್ದು ತಪ್ಪಾಗಿದೆ ಎಂದಷ್ಟೇ. ತಪ್ಪು ಕೊಡದ್ದೋ, ಅಲ್ಲಿಗೆ ಹೋಗುವ ದಾರಿಯದ್ದೋ ಎಂದು ಅದು ಹೇಳಲಿಲ್ಲ.

ಎರಡು ಸ್ಟಿಕ್ ಇವೆ ಎಂದುಕೊಳ್ಳಿ. ಪೆನ್ನಿನಿಂದ ಗುರುತು ಮಾಡಿ. ಒಂದನ್ನು ತೆಗೆದಿಟ್ಟು, ಇನ್ನೊಂದನ್ನು ಮಾತ್ರ ಮದರ್‌ಬೋರ್ಡ್‌ನ ಕೈಪಿಡಿ ಹೇಳುವ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷೆ ಓಡಿಸಿ. ಆಮೇಲೆ ಅದೇ ಸ್ಲಾಟ್‌ನಲ್ಲಿ ಇನ್ನೊಂದನ್ನು ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಸರಿಹೋದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಒಂದೇ ಸ್ಟಿಕ್ ಯಾವ ಸ್ಲಾಟ್‌ಗೆ ಹೋದರೂ ಎರರ್ ತರುತ್ತಿದ್ದರೆ ಸ್ಟಿಕ್ ಕೆಟ್ಟಿದೆ. ಎರಡೂ ಸ್ಟಿಕ್ ಒಂದು ಸ್ಲಾಟ್‌ನಲ್ಲಿ ಮಾತ್ರ ಎರರ್ ತಂದು, ಇನ್ನೊಂದರಲ್ಲಿ ಸರಿಯಿದ್ದರೆ ಸ್ಲಾಟ್, ಬೋರ್ಡ್ ಅಥವಾ ಪ್ರೊಸೆಸರ್ ಸಾಕೆಟ್‌ನ ಬಾಗಿದ ಪಿನ್ ಕಡೆ ನೋಡಬೇಕು. ಒಂಟಿಯಾಗಿ ಎರಡೂ ಸರಿ, ಜೊತೆಗೆ ಹಾಕಿದರೆ ಮಾತ್ರ ತಪ್ಪು ಎಂದಾದರೆ ಅವು ಹೊಂದುತ್ತಿಲ್ಲ, ವೇಗ ಇಳಿಸಿ ನೋಡಿ. ಎರಡೂ ಎಲ್ಲ ಕಡೆ ತಪ್ಪು ಎಂದರೆ ಒಟ್ಟಿಗೇ ಎರಡು ಕೆಟ್ಟಿವೆ ಎನ್ನುವುದಕ್ಕಿಂತ ಪ್ರೊಸೆಸರ್, ಬೋರ್ಡ್ ಅಥವಾ ವೋಲ್ಟೇಜ್ ಮೇಲೆ ಅನುಮಾನ ಪಡುವುದು ಸರಿ.

ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಎರಡು ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ. ಅಕ್ಕಪಕ್ಕ ಹಾಕಿದ್ದರೆ ಅದನ್ನೇ ಮೊದಲು ಸರಿಮಾಡಿ.

ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಅಲ್ಲಿ ಇದೆಲ್ಲ ಆಗುವುದಿಲ್ಲ, ತಯಾರಕರ ಸರ್ವಿಸ್ ಸೆಂಟರೇ ದಾರಿ. ಲಿನಕ್ಸ್ ಬಳಸುವವರು ಕೆಟ್ಟ ವಿಳಾಸವನ್ನು ಬಳಸಬೇಡ ಎಂದು ಕರ್ನಲ್‌ಗೆ ಬೂಟ್ ಹೊತ್ತಿನಲ್ಲೇ ಹೇಳಬಹುದು. ತಾತ್ಕಾಲಿಕವಾಗಿ ಅದು ನಡೆಯುತ್ತದೆ, ಆದರೆ ಒಂದು ಕೊಡ ಕೆಟ್ಟ ಸ್ಟಿಕ್‌ನಲ್ಲಿ ಇನ್ನೊಂದು ಕೆಡುವ ಸಂಭವ ಜಾಸ್ತಿ.

ಹೊಸದು ತರುವಾಗ ತಲೆಮಾರು ಹೊಂದಬೇಕು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಒಂದರ ಸ್ಲಾಟ್‌ಗೆ ಇನ್ನೊಂದು ಹೋಗುವುದಿಲ್ಲ. ಎರಡು ಬೇಕಿದ್ದರೆ ಜೋಡಿಯಾಗಿ ಒಂದೇ ಡಬ್ಬದಲ್ಲಿ ಬರುವುದನ್ನು ತನ್ನಿ. ಹಳೆಯದರ ವಾರಂಟಿ ನೋಡದೆ ಎಸೆಯಬೇಡಿ. ಹಲವು ತಯಾರಕರು ರ‍್ಯಾಮ್‌ಗೆ ಉದ್ದದ ವಾರಂಟಿ ಕೊಡುತ್ತಾರೆ, ಜೋಡಿಯಾಗಿ ಕೊಂಡಿದ್ದರೆ ಎರಡನ್ನೂ ಕಳಿಸಲು ಕೇಳುವುದೂ ಉಂಟು.

## ತನ್ನ ತಪ್ಪು ತಾನೇ ತಿದ್ದುವ ರ‍್ಯಾಮ್

ಸರ್ವರ್‌ಗಳಲ್ಲಿ ಇಸಿಸಿ ಎಂಬ ರ‍್ಯಾಮ್ ಇರುತ್ತದೆ. ಅದರಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚುವರಿ ಇರುವುದು ಹೆಚ್ಚು ಬಳಕೆಯ ಲೆಕ್ಕ. ಆ ಎಂಟು ಬಿಟ್‌ಗಳು ಉಳಿದವುಗಳ ಸಾಕ್ಷಿ ಇದ್ದ ಹಾಗೆ. ಒಂದು ಬಿಟ್ ತಿರುಗಿದರೆ ಯಾವುದು ಎಂದು ಕಂಡುಹಿಡಿದು ಸರಿಮಾಡುತ್ತವೆ. ಎರಡು ತಿರುಗಿದರೆ ಸರಿಮಾಡಲು ಆಗದಿದ್ದರೂ ತಪ್ಪಾಗಿದೆ ಎಂದು ಹೇಳುತ್ತವೆ. ಇದರ ಗಣಿತವನ್ನು ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲೇ ಪ್ರಕಟಿಸಿದ್ದರು. ಟೊರ್ವಾಲ್ಡ್ಸ್ ತಮ್ಮ ಡೆಸ್ಕ್‌ಟಾಪ್‌ಗೆ ಆಮೇಲೆ ತರಿಸಿದ್ದು ಇಂಥದ್ದನ್ನೇ. ಇದಕ್ಕೆ ಪ್ರೊಸೆಸರ್ ಮತ್ತು ಬೋರ್ಡ್ ಎರಡರ ಬೆಂಬಲವೂ ಬೇಕು, ಮನೆಬಳಕೆಯ ಬಹುಪಾಲು ಯಂತ್ರಗಳಲ್ಲಿ ಅದು ಇರುವುದಿಲ್ಲ.

ಡಿಡಿಆರ್5ನಲ್ಲಿ ಇಸಿಸಿ ಇದ್ದೇ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅಲ್ಲಿರುವುದು ಚಿಪ್‌ನ ಒಳಗೆ ಮಾತ್ರ ತಿದ್ದುವ ವ್ಯವಸ್ಥೆ. ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಆಗುವ ತಪ್ಪಿಗೆ ಅದು ಕಾವಲಲ್ಲ.

## ಸರಿಯಾದ ಮೇಲೆ

ಕೆಟ್ಟ ಸ್ಟಿಕ್ ತೆಗೆದ ಮೇಲೂ ಅದು ಹಿಂದೆ ಬರೆದ ತಪ್ಪುಗಳು ಡಿಸ್ಕ್‌ನಲ್ಲಿ ಉಳಿದಿರುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಸಿಸ್ಟಂ ಫೈಲ್ ಚೆಕರ್ (sfc /scannow) ಓಡಿಸಿದರೆ ವಿಂಡೋಸ್‌ನ ಹಾಳಾದ ಫೈಲ್‌ಗಳು ಬದಲಾಗುತ್ತವೆ. ಬಹಳ ದಿನ ಕೆಟ್ಟ ರ‍್ಯಾಮ್‌ನಲ್ಲೇ ಓಡಿಸಿದ್ದರೆ ವಿಂಡೋಸನ್ನು ಹೊಸದಾಗಿ ಹಾಕುವುದೇ ವಾಸಿ, ಅದಕ್ಕೆ ಸರಿಯಾದ ಹೊತ್ತು ಇದು. ಆ ಅವಧಿಯಲ್ಲಿ ಕಾಪಿ ಮಾಡಿದ ಫೋಟೋ, ದಾಖಲೆ, ಜಿಪ್ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಮೂಲ ಇನ್ನೂ ಎಲ್ಲಾದರೂ ಇದ್ದರೆ, ಅದನ್ನು ಅಳಿಸುವ ಮುಂಚೆಯೇ ಮತ್ತೊಮ್ಮೆ ಕಾಪಿ ಮಾಡಿಕೊಳ್ಳಿ.